ಉಷ್ಣಪಂಪು, ಅದರ ಶೀತಕ ಮತ್ತು ನಮ್ಮ ಸೀಮೆಯ ಬಿಸಿನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಿಗೆಯನ್ನು ಬಲ್ಲವರಿಗೆ ಮಣ್ಣಿನ ಹರವಿಯ ಗುಣವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಸೆಳೆದುಕೊಂಡು ಹೋಗುವದು. ನೀರು ಕಾಯಿಸುವ ಉಷ್ಣಪಂಪಿನ ಮೂಲತತ್ತ್ವವೂ ಇದೇ. ಅದರ ಕೊಳವೆಯಲ್ಲಿ ಶೀತಕವೆಂಬ ದ್ರವವು ಹೊರಗಿನ ಗಾಳಿಯ ಉಷ್ಣವನ್ನು ಹೀರಿ ಆವಿಯಾಗುವದು. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ಉಷ್ಣತೆ ಏರುವದು. ಆ ಉಷ್ಣವನ್ನು ನೀರಿಗೆ ಕೊಟ್ಟು ಶೀತಕವು ಮರಳಿ ದ್ರವವಾಗುವದು. ವಿದ್ಯುತ್ತು ಇಲ್ಲಿ ಉಷ್ಣವನ್ನು ಹುಟ್ಟಿಸುವದಕ್ಕಿಂತ ಹೊತ್ತು ತರುವದೇ ಹೆಚ್ಚು.

ಇದರ ಬೆಲೆ ತಿಳಿಯಲು ದೂರ ಹೋಗಬೇಕಾಗಿಲ್ಲ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಕಲ್ಲಿದ್ದಲು ಘಟಕಗಳಿವೆ. ಇಂಥ ಸ್ಥಾವರಗಳಲ್ಲಿ ಇದ್ದಲಿನ ಉಷ್ಣದ ಸುಮಾರು ಐದರಲ್ಲಿ ಎರಡು ಪಾಲು ಮಾತ್ರ ವಿದ್ಯುತ್ತಾಗುವದು. ಅದೇ ವಿದ್ಯುತ್ತನ್ನು ಗೀಜರಿನಲ್ಲಿ ಮತ್ತೆ ಉಷ್ಣವಾಗಿ ಮಾಡುವೆವು! ಹತ್ತಿಕಟ್ಟಿಗೆಯಿಂದ ಹಂಡೆ ಕಾಯಿಸುತ್ತಿದ್ದ ನಮ್ಮ ಹಿರಿಯರ ಮುಂದೆ ಈ ಸುತ್ತುಬಳಸಿನ ಬಗೆಗೆ ಜಂಬ ಪಡುವಂತಿಲ್ಲ. 100 ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಗೀಜರಿಗೆ ಸುಮಾರು 3.5 ಯೂನಿಟ್ ಬೇಕು. ಒಂದಕ್ಕೆ ಮೂರರಷ್ಟು ಉಷ್ಣ ಕೊಡುವ ಉಷ್ಣಪಂಪಿಗೆ ಸುಮಾರು 1.2 ಯೂನಿಟ್ ಸಾಕು.

ಆದರೆ ಯಾವ ಶೀತಕ? ಇತಿಹಾಸದ ಅಧ್ಯಾಪಕನಾದ ನನ್ನನ್ನು ಈ ವಿಷಯಕ್ಕೆ ಎಳೆದುದು ಈ ಪ್ರಶ್ನೆಯೇ. ಅಮೋನಿಯವು ವಿಷಕಾರಿಯೆಂದು 1930ರ ಸುಮಾರಿಗೆ ಉರಿಯದ, ವಿಷವಲ್ಲದ ಕ್ಲೋರೋಫ್ಲೋರೋಕಾರ್ಬನ್‌ಗಳನ್ನು ಬಳಕೆಗೆ ತಂದರು. ಅವು ಓಜೋನ್ ಪದರವನ್ನು ಕೆಡಿಸುವವೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವುಗಳ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಅಪಾಯಕರವಲ್ಲ; ಆದರೆ ಅದು 1 ಕಿಲೋಗ್ರಾಂ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, 1,300 ಕಿಲೋಗ್ರಾಮಿಗೆ ಕಡಿಮೆಯಿಲ್ಲದ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುವದು. ಇಂಥ ಅನಿಲಗಳನ್ನು ಕ್ರಮೇಣ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು.

ಜಪಾನಿನಲ್ಲಿ 2001ರಿಂದ ಇಂಗಾಲದ ಡೈಆಕ್ಸೈಡನ್ನೇ ಶೀತಕವಾಗಿ ಬಳಸುವ ಯಂತ್ರಗಳು ಮಾರಾಟಕ್ಕೆ ಬಂದವು. ಸುಮಾರು 31 ಡಿಗ್ರಿಯ ಮೇಲೆ ಆ ಅನಿಲವು ಎಷ್ಟು ಒತ್ತಿದರೂ ದ್ರವವಾಗದು. ಆದುದರಿಂದ ಒಳಬರುವ ನೀರು ತಣ್ಣಗಿದ್ದಷ್ಟೂ ಅದರ ದಕ್ಷತೆ ಹೆಚ್ಚು. ಏಪ್ರಿಲ್ ತಿಂಗಳಿನಲ್ಲಿ ಸಿಂದಗಿಯ ಮಾಳಿಗೆಯ ಮೇಲಿನ ಟಾಕಿಯ ನೀರನ್ನು ಮುಟ್ಟಿ ನೋಡಿದವರಿಗೆ ಇದರ ತೊಡಕು ಹೊಳೆಯುವದು. ಪ್ರೊಪೇನಿಗೆ ಈ ಮಿತಿಯು ಸುಮಾರು 97 ಡಿಗ್ರಿ. ಒತ್ತಡವೂ ಬಹಳ ಕಡಿಮೆ. ಸೋರಿದರೂ ವಾತಾವರಣವನ್ನು ಕಾಯಿಸುವ ಶಕ್ತಿ ಅತ್ಯಲ್ಪ. ನಮ್ಮ ಸೀಮೆಗೆ ಅದೇ ಹೆಚ್ಚು ಒಗ್ಗುವದೆಂದು ನನ್ನ ಎಣಿಕೆ. ಜನವರಿಯ ನಸುಕಿನ ಚಳಿಯಲ್ಲಿ ಯಂತ್ರವನ್ನು ನಡೆಯಿಸುವದಕ್ಕಿಂತ ಹಿಂದಿನ ಮಧ್ಯಾಹ್ನದ ಬೆಚ್ಚನೆಯ ಗಾಳಿಯಲ್ಲಿ ನಡೆಯಿಸಿ, ಉಷ್ಣ ಸೋರದಂತೆ ಹೊದಿಕೆಯುಳ್ಳ ಟಾಕಿಯಲ್ಲಿ ನೀರನ್ನು ಕಾಯ್ದಿಟ್ಟರೆ ಇನ್ನಷ್ಟು ಉಳಿತಾಯವಾಗುವದು.

ಪ್ರೊಪೇನ್ ಉರಿಯುವ ಅನಿಲ. ಅದನ್ನು ಅಲ್ಪ ಪ್ರಮಾಣದಲ್ಲಿ ತುಂಬಬೇಕು. ಯಂತ್ರವನ್ನು ಬಚ್ಚಲಲ್ಲಿಡದೆ ಬಯಲಲ್ಲಿಡಬೇಕು. ಆರ್-134ಎ ಯಂತ್ರಕ್ಕೆ ಪ್ರೊಪೇನನ್ನು ತುಂಬಲೇಕೂಡದು. ತಾಲೂಕಿನ ಮೆಕ್ಯಾನಿಕರಿಗೆ ಇಷ್ಟು ಶಿಕ್ಷಣ ದೊರೆಯುವ ಮೊದಲು ಈ ಯಂತ್ರವನ್ನು ಮನೆಮನೆಗೆ ಹಂಚುವದು ಅವಸರದ ಕೆಲಸವಾದೀತು.