ಬಡತನದಲ್ಲೇ ಬಿತ್ತಿದ ಭದ್ರತೆ

ಮಳೆ ಕೈಕೊಟ್ಟರೆ ಜಗಳೂರಿನ ಮೆಕ್ಕೆಜೋಳ ತೆನೆ ಕಟ್ಟುವ ಮುನ್ನವೇ ಒಣಗುತ್ತದೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಬೋರ್‌ವೆಲ್ ಬತ್ತುವ ಭಯ. ತುಂಗಭದ್ರೆ ಉಕ್ಕಿದರೆ ಹೊನ್ನಾಳಿಯ ತಗ್ಗು ಪ್ರದೇಶದ ಮನೆಗಳಿಗೆ ನೀರು. ನ್ಯಾಮತಿಯ ತಾಂಡಾಗಳಲ್ಲಿ ಕೂಲಿಗಾಗಿ ಗುಳೆ ಹೋಗುವವರಿದ್ದಾರೆ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಷ್ಟದ ರೂಪ ಬೇರೆ ಬೇರೆ; ಅದನ್ನು ಒಂದೇ ಮನೆ ಹೊರಲಾರದು ಎಂಬುದು ಎಲ್ಲೆಡೆ ನಿಜ.

ಆದರೂ ಪಡಿತರ ಅಕ್ಕಿ, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿಯ ಮಾತು ಬಂದರೆ ‘ಇದೆಲ್ಲ ಶ್ರೀಮಂತ ದೇಶಗಳಿಗೆ ಸರಿ, ನಮಗೆಲ್ಲಿದೆ ತಾಕತ್ತು?’ ಎನ್ನುವವರು ಬಹಳ. ಇತಿಹಾಸ ಅವರ ಪರವಾಗಿಲ್ಲ.

ಸಿರಿ ಬರುವ ಮೊದಲೇ

ಜರ್ಮನಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದದ್ದು 1883ರಲ್ಲಿ, ಪಿಂಚಣಿ ತಂದದ್ದು 1889ರಲ್ಲಿ. ಹಳ್ಳಿ ಬಿಟ್ಟು ಕಾರ್ಖಾನೆ ಸೇರಿದವನು ಕೈ ಮುರಿದುಕೊಂಡರೆ ಆತುಕೊಳ್ಳಲು ಹೊಲವೂ ಇರಲಿಲ್ಲ, ಕೂಡುಕುಟುಂಬವೂ ಇರಲಿಲ್ಲ. ಸಿಟ್ಟಿಗೆದ್ದ ಅಂಥವರು ಸಮಾಜವಾದಿಗಳತ್ತ ವಾಲಿಯಾರೆಂಬ ಅಂಜಿಕೆ ಚಾನ್ಸಲರ್ ಬಿಸ್ಮಾರ್ಕ್‌ಗಿತ್ತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆಂದು ಬಂದ ಯುವಕರಲ್ಲಿ ಎಷ್ಟೋ ಮಂದಿ ಸೇನೆಗೆ ಸೇರಲಾಗದಷ್ಟು ಬಡಕಲಾಗಿದ್ದುದನ್ನು ಕಂಡು ಬ್ರಿಟನ್ ಬೆಚ್ಚಿತು. ಆ ಆತಂಕದ ಬೆನ್ನಲ್ಲೇ 1906ರಲ್ಲಿ ಶಾಲಾ ಊಟದ ಕಾಯ್ದೆ ಬಂತು. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ವ್ಯವಸ್ಥೆ ಅಲ್ಲಿ ಶುರುವಾದ 1948ರಲ್ಲಿ ಜನ ಇನ್ನೂ ರೇಷನ್ ಸಾಲಿನಲ್ಲಿದ್ದರು. ಅದೇ ವರ್ಷ ಫಿನ್ಲೆಂಡ್, ಸೋವಿಯತ್ ಒಕ್ಕೂಟಕ್ಕೆ ಯುದ್ಧದ ಪರಿಹಾರ ತೆರುತ್ತಲೇ, ಶಾಲಾ ಮಕ್ಕಳಿಗೆಲ್ಲ ಉಚಿತ ಊಟ ಬಡಿಸತೊಡಗಿತು.

ಇಂದು ಶ್ರೀಮಂತ ದೇಶಗಳು ಸರಾಸರಿ ತಮ್ಮ ಒಟ್ಟು ಉತ್ಪನ್ನದ ಐದನೇ ಒಂದರಷ್ಟನ್ನು ಇಂಥ ಸಾಮಾಜಿಕ ಭದ್ರತೆಗೆ ವ್ಯಯಿಸುತ್ತವೆ. ಹೆಚ್ಚಿನ ಪಾಲು ಪಿಂಚಣಿಗೆ ಮತ್ತು ಆರೋಗ್ಯಕ್ಕೆ. ಮುಪ್ಪು, ಕಾಯಿಲೆ ಯಾರನ್ನೂ ಬಿಡುವುದಿಲ್ಲವಾದ್ದರಿಂದ ಮಧ್ಯಮ ವರ್ಗವೂ ಅದರ ಬೆನ್ನಿಗೆ ನಿಂತಿದೆ. ಕೆಲಸ ಕಳೆದುಕೊಂಡವರ ಕೈಯಲ್ಲಿ ಒಂದಿಷ್ಟು ಕಾಸಿದ್ದರೆ ಅಂಗಡಿಗಳೂ ಉಳಿಯುತ್ತವೆ ಎಂಬ ಲೆಕ್ಕವೂ ಅಲ್ಲಿದೆ.

ನಮ್ಮ ಲೆಕ್ಕ

ಆ ಲೆಕ್ಕ ನಮ್ಮ ಸಂತೆಗೂ ಸಲ್ಲುತ್ತದೆ. ಜಗಳೂರಿನ ಹೆಣ್ಣುಮಗಳ ಖಾತೆಗೆ ಬಿದ್ದ ಹಣ ಬೇಳೆ, ಎಣ್ಣೆ, ಮಕ್ಕಳ ನೋಟ್‌ಬುಕ್ಕಾಗಿ ಊರಲ್ಲೇ ಖರ್ಚಾಗುತ್ತದೆ. ಬಿಸಿಯೂಟ ಉಂಡ ಮಗು ಮಧ್ಯಾಹ್ನವೂ ತರಗತಿಯಲ್ಲಿ ಕೂರುತ್ತದೆ. ನಾಳೆ ದುಡಿದು ತೆರಿಗೆ ಕಟ್ಟುವುದು ಅದೇ ಮಗು.

ಹಾಗಾಗಿ ಕೊಡಬೇಕೇ ಬೇಡವೇ ಎಂಬ ಚರ್ಚೆ ಸಾಕು. ವೃದ್ಧಾಪ್ಯ ವೇತನ ತಿಂಗಳು ತಪ್ಪದೆ ಬರುತ್ತಿದೆಯೇ, ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ ಎಂದು ಕೇಳೋಣ. ಅಜ್ಜಿಗೆ ಸಿಗುವ ಹಣವನ್ನು ದಾನವೆನ್ನುವುದು ಬೇಡ. ಆಕೆ ಕೊಂಡ ಸೋಪಿನ ಮೇಲಿನ ತೆರಿಗೆಯೂ ಅದೇ ಖಜಾನೆ ಸೇರಿದೆ.