ಕಣ್ಣಿಗೆ ಕಾಣದ ಕೆಂಪು ಕಣಗಳು

ಮಗುವಿನ ಮೂತ್ರ ನೋಡಲು ತಿಳಿಯಾಗಿದ್ದರೂ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅದರಲ್ಲಿ ಕೆಂಪು ರಕ್ತಕಣಗಳು ಕಾಣಿಸುವುದುಂಟು. ವೈದ್ಯರು ಇದನ್ನು ಮೈಕ್ರೋಸ್ಕೋಪಿಕ್ ಹೆಮಟೂರಿಯಾ ಎನ್ನುತ್ತಾರೆ. ಜ್ವರಕ್ಕೋ ಆಪರೇಷನ್ನಿಗೆ ಮುಂಚೆಯೋ ಮಾಡಿಸಿದ ಪರೀಕ್ಷೆಯಲ್ಲಿ ಇದು ಅಕಸ್ಮಾತ್ತಾಗಿ ಸಿಗುವುದೇ ಹೆಚ್ಚು. ‘ಆರ್‌ಬಿಸಿ 8–10’ ಎಂಬ ವರದಿ ಕೈಗೆ ಬಂದಾಗ ಕೆಲವರು ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಕಿಡ್ನಿಯೇ ಹೋಯಿತೆಂದು ಕಂಗೆಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ.

ಒಂದೆರಡು ರಕ್ತಕಣ ಆರೋಗ್ಯವಂತರ ಮೂತ್ರದಲ್ಲೂ ಇರುತ್ತವೆ. ಹೊಸದಾಗಿ ಹಿಡಿದ ಸುಮಾರು 10 ಮಿ.ಲೀ. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಸಿಯ ಒಂದು ಹನಿಯನ್ನು 400 ಪಟ್ಟು ಹಿಗ್ಗಿಸಿ ನೋಡಲಾಗುತ್ತದೆ. ಒಂದು ನೋಟಕ್ಕೆ ಕಾಣುವ ವೃತ್ತದಲ್ಲಿ 5ಕ್ಕಿಂತ ಹೆಚ್ಚು ಕಣಗಳಿದ್ದು, ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಅದೇ ಕಂಡರೆ ಮಾತ್ರ ಅದಕ್ಕೆ ಮಹತ್ವ. ಫಿನ್ಲೆಂಡಿನಲ್ಲಿ 8,954 ಶಾಲಾಮಕ್ಕಳಿಂದ ತಲಾ ನಾಲ್ಕು ಮಾದರಿ ಪಡೆದು ನಡೆಸಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ಒಂದಾದರೂ ಮಾದರಿಯಲ್ಲಿ ರಕ್ತಕಣ ಕಂಡವರು ಶೇ 4.1, ಎರಡು ಅಥವಾ ಹೆಚ್ಚು ಮಾದರಿಗಳಲ್ಲಿ ಕಂಡವರು ಶೇ 1.1 ಮಾತ್ರ. ಜ್ವರ, ಜೋರು ಆಟ, ಸಣ್ಣ ಪೆಟ್ಟುಗಳಿಂದ ಬಂದದ್ದು ತಾನಾಗಿಯೇ ಹೋಗುತ್ತದೆ.

ಬಣ್ಣ ಬದಲಿಸುವ ಡಿಪ್‌ಸ್ಟಿಕ್ ಪಟ್ಟಿಯೊಂದನ್ನೇ ನಂಬುವಂತಿಲ್ಲ. ಅದು ಗುರುತಿಸುವುದು ರಕ್ತಕಣವನ್ನಲ್ಲ, ಹಿಮೋಗ್ಲೋಬಿನ್ನಿನ ರಾಸಾಯನಿಕ ಗುಣವನ್ನು. ಸ್ನಾಯು ಜಜ್ಜಿದಾಗ ಬರುವ ಮಯೋಗ್ಲೋಬಿನ್‌ಗೂ, ಡಬ್ಬಿಗೆ ಅಂಟಿದ ಬ್ಲೀಚಿಂಗ್ ಪುಡಿಗೂ ಪಟ್ಟಿ ಬಣ್ಣ ತಿರುಗಬಹುದು. ಮೂತ್ರದಲ್ಲಿ ವಿಟಮಿನ್ ಸಿ ಹೆಚ್ಚಿದ್ದರೆ ಇರುವ ರಕ್ತವೂ ತಪ್ಪಿಹೋಗಬಹುದು. ಬೀಟ್‌ರೂಟ್ ತಿಂದ ಮಗುವಿನ ಮೂತ್ರ ಕೆಂಪಾದರೂ ಅದರಲ್ಲಿ ರಕ್ತಕಣ ಇರುವುದಿಲ್ಲ.

ಕಾರಣ ಹುಡುಕುವ ದಾರಿ ಕಣಗಳ ಆಕಾರದಿಂದ ಶುರುವಾಗುತ್ತದೆ. 1979ರಲ್ಲಿ ಮೆಲ್ಬರ್ನಿನ ಬರ್ಚ್ ಮತ್ತು ಫೇರ್ಲಿ ಎಂಬ ಸಂಶೋಧಕರು ಇದನ್ನು ಸ್ಪಷ್ಟವಾಗಿ ತೋರಿಸಿದರು. ಗ್ಲೊಮೆರುಲಸ್ ಎಂಬ ಕಿಡ್ನಿಯ ಸೂಕ್ಷ್ಮ ಸೋಸುಕದ ಪೊರೆಯಲ್ಲಿ ನುಸುಳಿ ಬಂದ ಕಣ ಸೊಟ್ಟಗಾಗಿರುತ್ತದೆ, ಮೈಮೇಲೆ ಬೊಬ್ಬೆ ಎದ್ದಿರುತ್ತದೆ. ಮೂತ್ರನಾಳದಿಂದಲೋ ಮೂತ್ರಕೋಶದಿಂದಲೋ ಸೇರಿದ ಕಣ ತನ್ನ ದುಂಡು ರೂಪ ಉಳಿಸಿಕೊಂಡಿರುತ್ತದೆ. ಕಿಡ್ನಿಯೊಳಗಿನ ಸೂಕ್ಷ್ಮ ಕೊಳವೆಯ ಅಚ್ಚಿನಲ್ಲಿ ಎರಕ ಹೊಯ್ದಂತೆ ರಕ್ತಕಣಗಳು ಅಂಟಿಕೊಂಡ ‘ಕಾಸ್ಟ್’ ಕಂಡರಂತೂ ಮೂಲ ಕಿಡ್ನಿಯೇ. ಆದರೆ ನೀರಾದ ಮೂತ್ರದಲ್ಲಿ ಕಣಗಳು ಬೇಗ ಒಡೆಯುತ್ತವೆ, ಗಂಟೆಗಟ್ಟಲೆ ಇಟ್ಟ ಮಾದರಿಯಲ್ಲಿ ಆಕಾರ ಕೆಡುತ್ತದೆ. ಬೆಳಗಿನ ತಾಜಾ ಮೂತ್ರವನ್ನು ನುರಿತ ಕಣ್ಣು ಆಗಲೇ ನೋಡಿದರೆ ಎಷ್ಟೋ ದುಬಾರಿ ಸ್ಕ್ಯಾನ್‌ಗಳ ಅಗತ್ಯ ತಪ್ಪುತ್ತದೆ. ಯಂತ್ರ ಎಣಿಸಿದ ವರದಿ ಈ ಕೌಶಲಕ್ಕೆ ಪೂರ್ತಿ ಬದಲಿಯಾಗದು.

ಸೊಟ್ಟ ಕಣಗಳು ಕಂಡಾಗ ಮುಖ್ಯವಾಗಿ ಅನುಮಾನಿಸುವ ಕಾಯಿಲೆಗಳಲ್ಲಿ ಒಂದು ಐಜಿಎ ನೆಫ್ರೋಪತಿ. 1968ರಲ್ಲಿ ಪ್ಯಾರಿಸ್ಸಿನ ಬರ್ಜರ್ ಮತ್ತು ಹಿಂಗ್ಲೆ ವಿವರಿಸಿದ ಈ ಕಾಯಿಲೆಯಲ್ಲಿ ನೆಗಡಿ ಬಂದ ಒಂದೆರಡು ದಿನಕ್ಕೇ ಮೂತ್ರ ಕೆಂಪಾಗುವುದುಂಟು. ನಡುವಿನ ದಿನಗಳಲ್ಲಿ ರಕ್ತ ಕಣ್ಣಿಗೆ ಕಾಣದಷ್ಟೇ. ಗಂಟಲುನೋವು ಅಥವಾ ಕೀವಾದ ಕಜ್ಜಿಯ ನಂತರ, ವಾರಗಳು ಕಳೆದು ಬರುವ ಸ್ಟ್ರೆಪ್ಟೋಕಾಕಸ್ ನೆಫ್ರೈಟಿಸ್ ಬೇರೆ. ಅದರಲ್ಲಿ ಬಾವು, ರಕ್ತದೊತ್ತಡ ಇಳಿದ ಮೇಲೂ ಸೂಕ್ಷ್ಮ ರಕ್ತ ಒಂದು ವರ್ಷದವರೆಗೆ ಉಳಿಯಬಹುದು.

ಹೆಚ್ಚು ಗಮನ ಬೇಡುವುದು ಮನೆತನದಲ್ಲಿ ಇಳಿದು ಬರುವ ಕಾರಣಗಳು. ಸೋಸುಕದ ಪೊರೆಗೆ ಬಲ ಕೊಡುವ ನಾಲ್ಕನೇ ವಿಧದ ಕೊಲಾಜೆನ್‌ನ ಜೀನ್‌ಗಳಲ್ಲಿ ದೋಷವಿದ್ದರೆ ಪೊರೆ ತೆಳುವಾಗುತ್ತದೆ. ಪೊರೆ ತೆಳುವಾದದ್ದಷ್ಟೇ ಆದರೆ ಬಹುತೇಕರಿಗೆ ಜೀವಮಾನವಿಡೀ ತೊಂದರೆ ಇರುವುದಿಲ್ಲ. ಅದೇ ಜೀನ್‌ಗಳ ತೀವ್ರ ದೋಷ ಆಲ್ಪೋರ್ಟ್ ಸಿಂಡ್ರೋಮ್. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಒಂದೇ ಕುಟುಂಬದಲ್ಲಿ ಕಿಡ್ನಿ ರೋಗವೂ ಕಿವುಡೂ ಜೊತೆಯಾಗಿ ಬರುವುದನ್ನು ಗಮನಿಸಿದರು. ಗಂಡುಮಕ್ಕಳಿಗೆ ಇದು ಹೆಚ್ಚು ಕಠಿಣ. ಅಂಥ ಮಗುವಿನ ತಾಯಿಯಲ್ಲಿ ಬರೀ ಸೂಕ್ಷ್ಮ ರಕ್ತವಿದ್ದು ಆಕೆಗೆ ಗೊತ್ತೇ ಇರದಿರಬಹುದು. ರಕ್ತಸಂಬಂಧದೊಳಗಿನ ಮದುವೆ ರೂಢಿಯಲ್ಲಿರುವ ಕಡೆ ಅಪ್ಪ ಅಮ್ಮ ಇಬ್ಬರೂ ಒಂದೇ ದೋಷ ಹೊತ್ತಿರುವ ಸಾಧ್ಯತೆ ಹೆಚ್ಚು. ಹಾಗಾಗಿ ತಂದೆ, ತಾಯಿ, ಒಡಹುಟ್ಟಿದವರ ಮೂತ್ರ ಪರೀಕ್ಷೆ, ಮಗುವಿನ ಶ್ರವಣ ಪರೀಕ್ಷೆ, ಮನೆತನದಲ್ಲಿ ಯಾರಿಗಾದರೂ ಡಯಾಲಿಸಿಸ್ ಆಗಿತ್ತೇ ಎಂಬ ಪ್ರಶ್ನೆ ಬಹಳ ಮುಖ್ಯ. ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ ಇದು.

ಕಣಗಳು ದುಂಡಗಿದ್ದರೆ ಸೋಂಕು, ಕಲ್ಲುಗಳನ್ನು ನೋಡಬೇಕು. ಅವೂ ಇಲ್ಲದಿದ್ದಾಗ ಆಗಾಗ ಸಿಗುವ ಕಾರಣ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಹೋಗುವುದು. ಶಾಲೆಗೆ ಹೋಗುವ ವಯಸ್ಸಿನ ಮಗುವಿನಲ್ಲಿ ಕ್ಯಾಲ್ಸಿಯಂ–ಕ್ರಿಯಾಟಿನಿನ್ ಅನುಪಾತ 0.2 ದಾಟಿದರೆ ಅದನ್ನು ಅನುಮಾನಿಸುತ್ತಾರೆ. ಇಂಥ ಮನೆಗಳಲ್ಲಿ ಕಿಡ್ನಿ ಕಲ್ಲಿನ ಇತಿಹಾಸ ಸಾಮಾನ್ಯ. ಉಪ್ಪು ಹೆಚ್ಚಾದಷ್ಟೂ ಕ್ಯಾಲ್ಸಿಯಂ ಮೂತ್ರಕ್ಕೆ ಹರಿಯುವುದರಿಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಕಡಿಮೆ ಮಾಡಿ ನೀರು ಹೆಚ್ಚು ಕುಡಿಸಬೇಕು. ಕ್ಯಾಲ್ಸಿಯಂ ಎಂಬ ಹೆಸರು ಕೇಳಿ ಹಾಲು ಮೊಸರು ನಿಲ್ಲಿಸುವುದು ತಪ್ಪು. ಬೆಳೆಯುವ ಮೂಳೆಗೆ ಅವು ಬೇಕೇ ಬೇಕು.

ಎತ್ತರಕ್ಕೆ ಬೆಳೆದ ಸಣಕಲು ಮಕ್ಕಳಲ್ಲಿ ಎಡ ಕಿಡ್ನಿಯ ಅಭಿಧಮನಿ ಎರಡು ದೊಡ್ಡ ಅಪಧಮನಿಗಳ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಒತ್ತಿಕೊಳ್ಳುವುದುಂಟು. ಡಾಪ್ಲರ್ ಸ್ಕ್ಯಾನ್ ಅದನ್ನು ತೋರಿಸುತ್ತದೆ. ಕೆಂಪು ರಕ್ತಕಣವನ್ನು ಕುಡಗೋಲಿನಂತೆ ಬಾಗಿಸುವ ‘ಸಿಕಲ್ ಸೆಲ್’ ಜೀನಿನ ಒಂದೇ ಪ್ರತಿ ಇದ್ದು, ಬೇರೆ ಯಾವ ಲಕ್ಷಣ ಇಲ್ಲದವರಲ್ಲೂ ಕಿಡ್ನಿಯ ಒಳಭಾಗದಿಂದ ರಕ್ತ ಜಿನುಗಬಹುದು. ಭಾರತದಲ್ಲಿ ಈ ಜೀನ್ 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಮೊದಲು ಪತ್ತೆಯಾಯಿತು. ಮೈಸೂರು, ಚಾಮರಾಜನಗರ, ಕೊಡಗಿನ ಕೆಲವು ಬುಡಕಟ್ಟುಗಳಲ್ಲೂ ಇರುವುದರಿಂದ ಅಲ್ಲಿನ ಮಕ್ಕಳಿಗೆ ಈ ಜೀನಿನ ಪರೀಕ್ಷೆ ಮರೆಯಬಾರದು. ಮಕ್ಕಳಲ್ಲಿ ಗೆಡ್ಡೆ ಅಪರೂಪ. ಅಲ್ಟ್ರಾಸೌಂಡ್ ಸಾಕಷ್ಟು ಮಟ್ಟಿಗೆ ಆ ಅನುಮಾನ ನಿವಾರಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಹಲವು ಮಕ್ಕಳಲ್ಲಿ ಕಾರಣ ಸಿಗುವುದಿಲ್ಲ. ರಕ್ತದೊತ್ತಡ ಸರಿಯಿದ್ದು, ಮೂತ್ರದಲ್ಲಿ ಪ್ರೋಟೀನ್ ಇಲ್ಲದೆ, ರಕ್ತದ ಕ್ರಿಯಾಟಿನಿನ್ ಸಹಜವಾಗಿದ್ದರೆ ಬಯಾಪ್ಸಿ ಬೇಕಾಗುವುದು ವಿರಳ. ಇಸ್ರೇಲಿನಲ್ಲಿ 12 ಲಕ್ಷ ಯುವಜನರನ್ನು ಸರಾಸರಿ 22 ವರ್ಷ ಗಮನಿಸಿದ ಅಧ್ಯಯನದಲ್ಲಿ ಸೂಕ್ಷ್ಮ ರಕ್ತ ಉಳಿದವರ ಪೈಕಿ ಶೇ 0.7ರಷ್ಟು ಮಂದಿಯ ಕಿಡ್ನಿ ವಿಫಲವಾಯಿತು. ಸೂಕ್ಷ್ಮ ರಕ್ತ ಇಲ್ಲದವರಲ್ಲಿ ಅದು ಶೇ 0.045. ಅಪಾಯ ಸಣ್ಣದು, ಆದರೆ ಸುಳ್ಳಲ್ಲ. ಆದ್ದರಿಂದ ಮಗುವಿಗೆ ಆಟ ಪಾಠ ಯಾವುದನ್ನೂ ತಡೆಯದೆ, ರಕ್ತ ಕಾಣುವಷ್ಟು ಕಾಲವೂ ವರ್ಷಕ್ಕೊಮ್ಮೆ ಮೂತ್ರದ ಪ್ರೋಟೀನ್ ಮತ್ತು ರಕ್ತದೊತ್ತಡ ನೋಡಿಸಲಾಗುತ್ತದೆ. ಎರಡರಲ್ಲೊಂದು ಏರಿದ ದಿನ ಮಕ್ಕಳ ಕಿಡ್ನಿ ತಜ್ಞರ ಬಳಿ ಕಳುಹಿಸಲಾಗುತ್ತದೆ.