ಕರೆಂಟು ಕುಡಿಯುವ ಕೀಲಿ

ವಿದ್ಯುತ್ಕಾಂತ ಕೀಲಿಗೆ ಕೊಂಡಿಯಿಲ್ಲ, ನಾಲಗೆಯಿಲ್ಲ, ತಿರುಗುವ ಭಾಗವೊಂದೂ ಇಲ್ಲ. ಚೌಕಟ್ಟಿನಲ್ಲಿ ತಾಮ್ರದ ತಂತಿ ಸುತ್ತಿದ ಕಾಂತ, ಕದದಲ್ಲಿ ಕಬ್ಬಿಣದ ದಪ್ಪ ಪಟ್ಟಿ, ಇಷ್ಟೇ. ಕರೆಂಟು ಹರಿಯುವಷ್ಟು ಹೊತ್ತು ಎರಡೂ ಕಚ್ಚಿಕೊಂಡಿರುತ್ತವೆ. ನಿಂತೊಡನೆ ಬಾಗಿಲು ಬಿಡುತ್ತದೆ. ಬ್ಯಾಂಕು, ಕಂಪ್ಯೂಟರ್ ಕೋಣೆಗಳಿಗೆ ಹಾಕುವ ಸಾಮಾನ್ಯ ಮಾದರಿ ಸುಮಾರು 280 ಕಿಲೋ ಎಳೆತವನ್ನು ತಡೆಯುತ್ತದೆ. ಧಾರವಾಡ ಸೀಮೆಯ ಹಳೆಯ ಮಾಳಿಗೆ ಮನೆಯ ಅಗಳಿಯಾದರೋ ಒಮ್ಮೆ ಸರಿಸಿದರೆ ಸಾಕು, ಬೆಳಗಿನವರೆಗೆ ಏನನ್ನೂ ಬೇಡದೆ ಕಾಯುತ್ತದೆ.

ಈ ಕೀಲಿ ಬೇಡುವುದು 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್, ಅಂದರೆ 6 ವ್ಯಾಟ್. ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಆದರೆ ಬಲ್ಬನ್ನು ಆರಿಸಬಹುದು, ಕೀಲಿಯನ್ನು ಆರಿಸುವಂತಿಲ್ಲ. ದಿನಕ್ಕೆ 12 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಎಂಟು ಪೆನ್ಸಿಲ್ ಸೆಲ್ ಜೋಡಿಸಿದರೆ ನಾಲ್ಕೈದು ಗಂಟೆಗೇ ಬರಿದಾಗುತ್ತವೆ. ಯುಪಿಎಸ್‌ನಲ್ಲಿರುವಂಥ 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಲೆಕ್ಕದ ಪ್ರಕಾರ 14 ಗಂಟೆ ಬರಬೇಕು. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನಂಬಬಹುದಾದದ್ದು 7 ಗಂಟೆ. ಬ್ಯಾಟರಿ ಇಳಿದಂತೆ ಹಿಡಿತವೂ ಸಡಿಲವಾಗುತ್ತದೆ: ವೋಲ್ಟೇಜು ಹತ್ತನೇ ಒಂದು ಪಾಲು ಕುಸಿದರೆ ಎಳೆತ ಸುಮಾರು ಐದನೇ ಒಂದು ಪಾಲು ಕುಸಿಯುತ್ತದೆ.

ಆದ್ದರಿಂದ ಬ್ಯಾಟರಿಯನ್ನು ಆಪತ್ಕಾಲಕ್ಕೆ ಇಡುವುದೇ ರೂಢಿ. ಹೆಸ್ಕಾಂ ಕರೆಂಟು ಇರುವಾಗ 13.5ರಿಂದ 13.8 ವೋಲ್ಟಿನ ಚಾರ್ಜರ್ ಕೀಲಿಯನ್ನೂ ನಡೆಸುತ್ತದೆ, ಬ್ಯಾಟರಿಯನ್ನೂ ತುಂಬಿಸಿಡುತ್ತದೆ. ಕರೆಂಟು ಹೋದರೆ ಎಡೆಯಿಲ್ಲದೆ ಬ್ಯಾಟರಿ ಹೊಣೆ ಹೊರುತ್ತದೆ. ದುರಸ್ತಿಗೆಂದು ಬೆಳಗಿನಿಂದ ಸಂಜೆವರೆಗೆ ಲೈನ್ ತೆಗೆಯುವ ದಿನವನ್ನು ನೆನೆದರೆ 12 ಆಂಪಿಯರ್-ಗಂಟೆಯದು ಬೇಕು.

ಬರೀ ಸೋಲಾರಿನಲ್ಲಿ ನಡೆಸುವುದಾದರೆ ಲೆಕ್ಕ ಬೇರೆ. ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ಒಳ್ಳೆ ಬಿಸಿಲಿರುವಾಗ 50 ವ್ಯಾಟಿನ ಫಲಕ ದಿನದ ಖರ್ಚನ್ನು ದುಡಿದುಕೊಡುತ್ತದೆ. ಅರೆಮಲೆನಾಡಾದ ಕಲಘಟಗಿಯ ಮಳೆಗಾಲದಲ್ಲಿ ಮೂರು ದಿನ ಮೋಡ ಕವಿದರೆ 36 ಆಂಪಿಯರ್-ಗಂಟೆ ಸಂಗ್ರಹದಿಂದಲೇ ಬರಬೇಕು. ಸೀಸದ ಬ್ಯಾಟರಿಯಾದರೆ ಅದರ ಇಮ್ಮಡಿ, ಹೆಚ್ಚುಕಡಿಮೆ ಟ್ರ್ಯಾಕ್ಟರ್ ಬ್ಯಾಟರಿಯ ಗಾತ್ರ! ಹಾಗೆಂದು ಟ್ರ್ಯಾಕ್ಟರಿನದನ್ನೇ ಬಿಚ್ಚಿ ತರುವುದು ಜಾಣತನವಲ್ಲ. ಇಂಜಿನ್ ಎಬ್ಬಿಸಲು ಕ್ಷಣಕಾಲ ಭಾರಿ ಕರೆಂಟು ಕೊಡಲೆಂದೇ ಮಾಡಿದ ಬ್ಯಾಟರಿ ಅದು, ನಿಧಾನವಾಗಿ ಹೀರುತ್ತ ಖಾಲಿ ಮಾಡಿದರೆ ತಾಳದು.

ಎರೆ ಭೂಮಿಯಲ್ಲಿ ಬ್ಯಾಟರಿ ತುಂಬಿದ್ದರೂ ಕೀಲಿ ಸೋಲಬಹುದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರೊಡನೆ ಗೋಡೆ ಸೀಳಿ ಚೌಕಟ್ಟು ವಾಲುತ್ತದೆ. ಕಾಂತಕ್ಕೂ ಪಟ್ಟಿಗೂ ನಡುವೆ ಒಂದು ಮಿಲಿಮೀಟರ್ ಸಂದಿಯಾದರೂ ಹಿಡಿತದ ಬಹುಪಾಲು ಹೋಗುತ್ತದೆ. ಪಟ್ಟಿಯನ್ನು ರಬ್ಬರ್ ವಾಷರ್ ಮೇಲೆ ತುಸು ಅಲುಗುವಂತೆ ಕೂರಿಸುವುದು ಇದಕ್ಕೇ. ನಡುವೆ ಕೂರುವ ಧೂಳನ್ನೂ ಆಗಾಗ ಒರೆಸಬೇಕು.

ಬ್ಯಾಟರಿಯೊಂದನ್ನೇ ನೆಚ್ಚುವ ಮನೆಗೆ ಮೋಟಾರಿನಿಂದ ಬೋಲ್ಟು ಸರಿಸುವ ಕೀಲಿಯೇ ಮೇಲು. ಬೋಲ್ಟು ಸರಿಯುವಾಗಷ್ಟೇ ಅದು ಹೆಚ್ಚು ಕರೆಂಟು ಎಳೆಯುವುದರಿಂದ ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ವಿದ್ಯುತ್ಕಾಂತದ ಹೆಚ್ಚುಗಾರಿಕೆ ಬೆಂಕಿಯ ಹೊತ್ತಿನಲ್ಲಿದೆ: ಕರೆಂಟು ಹೋದರೆ ಒಳಗಿದ್ದವರು ಕದ ತಳ್ಳಿ ಹೊರಬರಬಹುದು. ಬ್ಯಾಟರಿ ಕೂಡಿಸಿದಾಗ ಈ ಗುಣ ತಪ್ಪುವುದರಿಂದ, ಒಳಬದಿಯ ತುರ್ತು ಗುಂಡಿಯನ್ನು ಕೀಲಿಗೆ ಹೋಗುವ ತಂತಿಯಲ್ಲೇ ಕೂರಿಸಬೇಕು. ಚಾರ್ಜರಿನ ತಂತಿಯಲ್ಲಿ ಕೂರಿಸಿದರೆ, ಗುಂಡಿ ಒತ್ತಿದರೂ ಬ್ಯಾಟರಿ ಬಾಗಿಲನ್ನು ಹಿಡಿದೇ ಇರುತ್ತದೆ.